ಡಾಕ್ಟರಮ್ಮ ಕೇಳಿದ ಇನ್ನೊಂದು ಪ್ರಶ್ನೆ

ಆರನೇ ಕ್ಲಾಸಿನ ಲೆಕ್ಕದ ಪರೀಕ್ಷೆಯಿದ್ದ ಸೋಮವಾರ, ಅದಕ್ಕೆ ಹೆದರಿ ಮೊದಲ ಸಲ ಮನೆ ಬಿಟ್ಟು ಓಡಿ ಲಾರಿ ಹತ್ತಿದೆ. ಅಲ್ಲಿಂದಾಚೆ ಲಾರಿಯೇ ಬದುಕು. ಅರವತ್ತು ಹತ್ತಿರವಾದ ಮೇಲೆ, ಟೊಮೆಟೊ ತುಂಬಿಕೊಂಡು ಕೋಲಾರ ಬಿಟ್ಟರೆ ಆಂಧ್ರದ ಗಡಿಯ ನಂಗಲಿ ಸೇರುವಷ್ಟರಲ್ಲಿ ಮೂರು ಸಲ ಉಚ್ಚೆಗೆ ಇಳಿಯುತ್ತಿದ್ದೆ. ಇಳಿದರೂ ಹನಿ ಹನಿ.

ಹೆಂಡತಿ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಎಲ್ಲ ಬರೆದುಕೊಂಡು, "ಗಂಡ ಹೆಂಡ್ತಿ ಸೇರೋದಕ್ಕೆ ಏನಾದ್ರೂ ತೊಂದ್ರೆ ಇದೆಯಾ?" ಅಂದರು. "ಇಲ್ಲ" ಅಂದೆ.

"ಸುಳ್ಳು ಮೇಡಂ," ಅಂದಳು ನಮ್ಮೋಳು. "ಮನೆಗೆ ಬಂದ್ರೂ ಟಾರ್ಪಾಲ್ ಕದೀತಾರೆ ಅಂತ ಲಾರೀಲೇ ಮಲಗ್ತಾನೆ. ವರ್ಷ ಆಯ್ತು. ಆಂಧ್ರದಲ್ಲಿ ಯಾವಳನ್ನೋ ಇಟ್ಕೊಂಡಿದಾನೆ ಅಂದ್ಕೊಂಡಿದ್ದೆ."

"ಈ ವಯಸ್ಸಲ್ಲಿ ಮೂತ್ರದ್ದು, ಇದು, ಎರಡೂ ತೊಂದ್ರೆ ಒಟ್ಟಿಗೆ ಬರೋದುಂಟಮ್ಮ. ಗಂಡಸರು ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಡ್ತಾರೆ. ಎರಡಕ್ಕೂ ಔಷಧಿ ಇದೆ. ಮೊದಲು ಮೂತ್ರಚೀಲದ ಕೆಳಗಿನ ಗ್ರಂಥೀಲಿ ಗಡ್ಡೆ ಏನಾದ್ರೂ ಇದೆಯಾ ನೋಡೋಣ," ಅಂತ ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಗಡ್ಡೆ ಅನ್ನುವ ಮಾತೊಂದೇ ನನಗೆ ಕೇಳಿಸಿದ್ದು. ರಿಪೋರ್ಟ್ ಬರುವುದು ಶುಕ್ರವಾರ. ಇವತ್ತು ಬುಧವಾರ, ನೆಲ್ಲೂರಿಗೆ ಬಾಡಿಗೆ ಬಂದಿದೆ ಅಂತ ಬ್ಯಾಗ್ ಕಟ್ಟುತ್ತಿದ್ದೇನೆ. ಯಾವ ಬಾಡಿಗೆಯೂ ಬಂದಿಲ್ಲ ಅಂತ ಹೆಂಡತಿಗೆ ಗೊತ್ತು. ಪಕ್ಕದಲ್ಲೇ ಕೂತು ತನ್ನ ಎರಡು ಸೀರೆ ಮಡಿಸುತ್ತಿದ್ದಾಳೆ. ಈ ಸಲ ಕ್ಲೀನರ್ ಸೀಟು ತನ್ನದಂತೆ; ಶುಕ್ರವಾರಕ್ಕೆ ನನ್ನನ್ನು ವಾಪಸ್ ಎಳೆದು ತರೋಕೆ ಒಬ್ಬರು ಬೇಕಂತೆ.