ಲ್ಯಾಪ್‌ಟಾಪಿಗೆ ತೆಂಗಿನೆಣ್ಣೆ

ಮರುದಿನ ಹನ್ನೊಂದಕ್ಕೆ ಘಟ್ಟದ ಮೇಲಿನ ಕಾಲೇಜೊಂದರವರು ನನ್ನ ಪಾಠ ನೋಡುವವರಿದ್ದರು. ಅರ್ಥಶಾಸ್ತ್ರ ಕಲಿಸುವ ಕೆಲಸ. ಆನ್‌ಲೈನಿನಲ್ಲೇ ಪಾಠ ಮಾಡಿ ತೋರಿಸಬೇಕು, ನಿಮ್ಮ ಮುಖವೂ ಕಾಣಬೇಕು, ಸ್ಲೈಡೂ ಓಡಬೇಕು ಎಂದಿದ್ದರು. ಹಿಂದಿನ ದಿನ ಬೆಳಿಗ್ಗೆ ಗೆಳತಿಯೊಬ್ಬಳನ್ನು ವಿಡಿಯೊದಲ್ಲಿ ಕರೆದು ತಾಲೀಮು ಮಾಡಿದೆ. ಮೊದಲ ಸ್ಲೈಡ್ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪ್ ನಿಂತಿತು. ಆರಿಸಿ ಮತ್ತೆ ಹಚ್ಚಿದೆ. ಮತ್ತೆ ನಿಂತಿತು.

ಅಂಗಡಿಯಲ್ಲಿದ್ದವುಗಳಲ್ಲೇ ಅಗ್ಗದ್ದನ್ನು ಆರಿಸಿ ತಂದದ್ದು ಅದು. ನಾಲ್ಕು ಜಿಬಿ ಮೆಮೊರಿ. ಎಂ.ಎ. ಮುಗಿಯುವವರೆಗೆ ಟೈಪ್ ಮಾಡಲು ಸಾಕಾಗಿತ್ತು. ಮುಖ ಮತ್ತು ಸ್ಲೈಡ್ ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಅದಕ್ಕಿರಲಿಲ್ಲ. ನನಗೋ ಆ ಕೆಲಸ ಬೇಕೇ ಬೇಕಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಸಂಕೋಚ ಯಾಕೆ? ಚೆಂಡಿಯಾ ಊರಿನಲ್ಲಿದ್ದ ನಮ್ಮ ಗದ್ದೆ ಕಾರವಾರದ ನೌಕಾನೆಲೆಗೆ ಹೋದ ಮೇಲೆ ಅಪ್ಪ ಅಂಕೋಲಾ ಕಡೆ ಬಂದು ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದ. ರಜೆಯಲ್ಲಿ ನಾನೂ ಅವನ ಜೊತೆ ಸಸಿ ನೆಟ್ಟೆ, ಉಳಿದ ದಿನ ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಇಷ್ಟಾಗಿ ಒಂದು ಪೆಟ್ಟಿಗೆ ಕೈಕೊಟ್ಟಿತೆಂದು ಮನೆಯಲ್ಲಿ ಕೂರುವುದೇ?

ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರವಾರದ ಬಸ್ಸು ಹಿಡಿದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಬಿಣಗಾ ಘಟ್ಟದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಇಳಿದು ಓಡಿದರೆ ಬೇಗ ಮುಟ್ಟಿಯೇನು ಅನಿಸಿತು. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯವರು ನಡುವಯಸ್ಸಿನವರು, ಮನೆಮಾತು ಕೊಂಕಣಿ. ಇನ್ನೊಂದು ನಾಲ್ಕು ಜಿಬಿ ಹಾಕಿದರೆ ಧಾರಾಳವಾಗಿ ಓಡುತ್ತದೆ, ಕೂತಲ್ಲೇ ಆಗುವ ಕೆಲಸ ಎಂದರು. ಹೋದ ಜೀವ ಬಂದಂತಾಯಿತು. ಅವರು ಹಿಂದಿನ ಮುಚ್ಚಳ ತೆಗೆದರು. ತೆಗೆದವರು ಮೂಗು ಹತ್ತಿರ ಒಯ್ದರು.

“ಬಾಯೀ, ಇದ್ರೊಳಗೆ ಬಂಗಡೆ ಮೀನು ಹುರಿದ್ರಿ ಏನು?”

ಪಕ್ಕದಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಕೂತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ನಾನು ಬಗ್ಗಿ ನೋಡಿದೆ. ಮೆಮೊರಿ ಕೂರುವ ಖಾಲಿ ಜಾಗದ ತುಂಬ ಎಣ್ಣೆ, ಎಣ್ಣೆಗೆ ಹತ್ತಿದ ಧೂಳು, ಎರಡೂ ಸೇರಿ ಕಪ್ಪು ಅಂಟು. ಕೂಡಲೇ ಗೊತ್ತಾಯಿತು. ಸಮುದ್ರದ ಗಾಳಿಗೆ ನಮ್ಮಲ್ಲಿ ಏನೂ ಉಳಿಯುವುದಿಲ್ಲ, ತುಕ್ಕು ಎಲ್ಲವನ್ನೂ ತಿನ್ನುತ್ತದೆ. ಅದಕ್ಕೆ ಮಳೆಗಾಲದ ಮುಂಚೆ ಅಪ್ಪ ಕೋಳಿಗರಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಮನೆಯ ಕಬ್ಬಿಣಕ್ಕೆಲ್ಲ ಬಳಿಯುತ್ತಾನೆ. ಕತ್ತಿ, ಬಾಗಿಲ ತಿರುಗಣಿ, ಸೈಕಲ್ ಚೈನು, ಕೊಡೆಯ ಕಡ್ಡಿ. ಈ ವರ್ಷ ಲ್ಯಾಪ್‌ಟಾಪಿನ ಪಾಳಿಯೂ ಬಂದಿತ್ತು; ಅಡಿಯ ಗಾಳಿಕಿಂಡಿಯಿಂದ ಗರಿ ತೂರಿಸಿರಬೇಕು. ಬಿಸಿಯಾದಾಗ ಅದರಿಂದ ಎಣ್ಣೆಯ ವಾಸನೆ ಬರುತ್ತಿದ್ದದ್ದು ನಿಜ. ನನ್ನ ತಲೆಯದ್ದೇ ಇರಬೇಕು ಅಂದುಕೊಂಡಿದ್ದೆ.

“ಯಾರು ಹಾಕಿದ್ದು?” ಎಂದು ಅವರು ಕೇಳಿದರು.

“ನಮ್ಮಪ್ಪ. ತುಕ್ಕು ಹಿಡೀಬಾರ್ದು ಹೇಳಿ.”

ಹೆಂಗಸು ಇನ್ನೂ ಜೋರಾಗಿ ನಕ್ಕಳು. ನಾನು ನಗಲಿಲ್ಲ. ಹೊಸ ಮೆಮೊರಿ ಕೂರಿಸಿ ಬಟನ್ ಒತ್ತಿದರು. ಫ್ಯಾನಿನ ಸದ್ದು ಬಂತು, ಪರದೆ ಕಪ್ಪಾಗಿಯೇ ಇತ್ತು. ತೆಗೆದು, ಸ್ಪಿರಿಟ್ ಹಾಕಿ ಸಣ್ಣ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಮತ್ತೆ ಕೂರಿಸಿದರು. ಮತ್ತೂ ಕಪ್ಪು. ಇವತ್ತೇ ಆಗಬೇಕು, ನಾಳೆ ಪಾಠವಿದೆ ಎಂದು ನಾನು ಎಷ್ಟು ಸಲ ಹೇಳಿದೆನೋ. ಕಡೆಗೆ ಅವರು ತಲೆ ಎತ್ತದೆ, ನೀವು ಹೀಗೆ ತಲೆಮೇಲೆ ನಿಂತರೆ ನನ್ನ ಕೈ ಓಡುವುದಿಲ್ಲ, ಹೋಗಿ ಚಾ ಕುಡಿದು ಬನ್ನಿ ಎಂದರು.

ಚಾ ಕುಡಿಯಲಿಲ್ಲ. ರಸ್ತೆಯ ಆ ಬದಿಗೆ ಹೋದೆ, ಈ ಬದಿಗೆ ಬಂದೆ. ಕಾಲೇಜಿನವರಿಗೆ ಏನು ಹೇಳಲಿ? ಎಣ್ಣೆ ಬಿದ್ದಿದೆ ಅನ್ನಲೇ? ಅಪ್ಪನ ಮೇಲೆ ಸಿಟ್ಟು ಬಂತು. ಅಂಗಡಿಯಲ್ಲಿ ನಕ್ಕ ಹೆಂಗಸಿನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಒಳಗೆ ಬಂದಾಗ ಅವರು ಇನ್ನೊಂದು ಸಲ ಉಜ್ಜಿ ಮುಗಿಸಿ ಬಟನ್ ಒತ್ತುತ್ತಿದ್ದರು. ಹೊಸ ಮೆಮೊರಿಗೆ ಮೊದಲ ಸಲ ಸ್ವಲ್ಪ ತಡ, ಮುಟ್ಟಬೇಡಿ ಎಂದರು. ಕಪ್ಪು, ಕಪ್ಪು. ನಾನು ಚೀಲದ ಹಿಡಿ ತಿರುಚುತ್ತಲೇ ಇದ್ದೆ. ಆಮೇಲೆ ಬೆಳಕು ಬಂತು. ಎಂಟು ಜಿಬಿ ಎಂದು ತೋರಿಸಿತು.

ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನಿಗೆ ಏನೇನು ಬೈಯಬೇಕೆಂದು ಜೋಡಿಸುತ್ತ ಬಂದೆ. ಅಪ್ಪ ಜಗುಲಿಯಲ್ಲೇ ಕಾದಿದ್ದ.

“ರಿಪೇರಿಯವ ಎಂತ ಅಂದ ಮಗಾ?”

“ಇದ್ಕೆಲ್ಲ ಎಣ್ಣೆ ಹಾಕೂದಲ್ಲ ಅಪ್ಪಾ.”

“ಕಬ್ಬಿಣ ಅಲ್ಲನಾ ಅದು?”

“ಸ್ವಲ್ಪ ಕಬ್ಬಿಣ.”

“ನಾನೂ ಸ್ವಲ್ಪೇ ಹಾಕಿದ್ದೆ,” ಎಂದ.

ಜೋಡಿಸಿಕೊಂಡು ಬಂದದ್ದೆಲ್ಲ ಅಲ್ಲೇ ಉದುರಿತು.

ಮರುದಿನ ಪರದೆಯ ಮೇಲಿನ ಮೂರು ಮುಖಗಳೆದುರು ಬೇಡಿಕೆ, ಪೂರೈಕೆ ಶುರು ಮಾಡಿದೆ. ಪುಸ್ತಕದ ಉದಾಹರಣೆ ಬಿಟ್ಟು ಅಂಕೋಲಾದ ಮೀನುಪೇಟೆ ಹಿಡಿದೆ. ಬಂಗಡೆ ಹೇರಳವಾಗಿ ಬಂದ ದಿನ ಮಾರುವವಳು ಕೂಗಿ ಕೂಗಿ ಯಾಕೆ ಕೊಡುತ್ತಾಳೆ, ದೋಣಿ ಇಳಿಯದ ದಿನ ಯಾಕೆ ತಿರುಗಿಯೂ ನೋಡುವುದಿಲ್ಲ. ಸ್ಲೈಡ್ ಓಡಿತು. ಅಷ್ಟರಲ್ಲಿ ಮೂರೂ ಮುಖಗಳು ಚಿತ್ರದಂತೆ ನಿಂತುಬಿಟ್ಟವು. ನಡುವಿನವರ ಕೈ ಗಲ್ಲಕ್ಕೆ ಅಂಟಿಯೇ ಉಳಿಯಿತು. ಎಣ್ಣೆ ಇನ್ನೂ ಉಳಿದಿತ್ತೇ? ಆರಿಸಿ ಹಚ್ಚಲೇ? ಆರಿಸಿದರೆ ಮುಗಿಯಿತು. ಕೇಳುವವರು ಇದ್ದಾರೋ ಇಲ್ಲವೋ ಗೊತ್ತಿಲ್ಲದೆ, ಅಲುಗದ ಮೂರು ಮುಖಗಳಿಗೆ ಪಾಠ ಮಾಡುತ್ತಲೇ ಹೋದೆ. ಸ್ವರ ಮಾತ್ರ ಇಳಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಧ್ವನಿ ಬಂತು. ನಿಮ್ಮದು ಸರಿ ಇದೆ ಮೇಡಮ್, ನಮ್ಮಲ್ಲಿ ಕರೆಂಟ್ ಹೋಗಿತ್ತು ಎಂದರು. ಎಲ್ಲಿಯವರೆಗೆ ಕೇಳಿಸಿತು ಎಂದೆ. ಮೀನು ಅಗ್ಗವಾಗುವವರೆಗೆ ಎಂದರು. ಅಲ್ಲಿಂದಲೇ ಮತ್ತೆ ಹೇಳಿದೆ.

ಅದೇ ವಾರ ಫೋನ್ ಬಂತು, ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದು. ನಾಳೆಯೇ ಅಂದೆ. ಆ ಕಡೆಯವರು ನಕ್ಕು, ನಾಳೆ ಭಾನುವಾರ, ಸೋಮವಾರ ಬನ್ನಿ ಎಂದರು.