ಯಾರೂ ಮುಟ್ಟಬಾರದ ತಂತಿ

ಎಂಬತ್ತರ ದಶಕದ ಆರಂಭದಲ್ಲಿ ಮರಾಠಿ ಸೀಮೆಯ ಬಿಬವೇವಾಡಿಯಲ್ಲಿದ್ದ ನಮ್ಮ ಮನೆಯನ್ನು ಒಂದು ತಗಡಿನ ಡಬ್ಬಿ ಆಳುತ್ತಿತ್ತು. ಅದನ್ನು ಪಟ್ಟಕ್ಕೆ ಕೂಡಿಸಿದವನು ನನ್ನ ಅಣ್ಣ. ಕಾರ್ಖಾನೆಯೊಂದರಲ್ಲಿ ವಿದ್ಯುತ್ ದುರಸ್ತಿಯ ಕೆಲಸದಲ್ಲಿದ್ದ ಅವನಿಗೆ, ಮನುಷ್ಯಜನ್ಮ ಎತ್ತಿ ಬಂದವರು ಎದ್ದು ಹೋಗಿ ಸ್ವಿಚ್ ಒತ್ತುವುದು ನಾಚಿಕೆಗೇಡು ಎಂಬ ನಂಬಿಕೆ ಇತ್ತು. ಮಾಳಿಗೆಯ ಗಚ್ಚಿಯ ಮೇಲಿನ ನೀರಿನ ಟಾಕಿಯಲ್ಲಿ ಒಂದು ತೇಲುವ ಚೆಂಡು. ನೀರು ಇಳಿದರೆ ಚೆಂಡೂ ಇಳಿಯುತ್ತದೆ. ಆ ಸುದ್ದಿ ತಂತಿ ಹಿಡಿದು ಮೆಟ್ಟಿಲ ಕೆಳಗಿನ ಡಬ್ಬಿಗೆ ಬರುತ್ತದೆ. ಡಬ್ಬಿ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಮೋಟಾರು ಎಳೆಯುವ ನಳದ ನೀರು ಬರುತ್ತಿದ್ದದ್ದು ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಆರಕ್ಕೆ ಮೋಟಾರಿನ ಮೇನ್ ಸ್ವಿಚ್ ಹಾಕಿ ಏಳಕ್ಕೆ ತೆಗೆಯುವುದು ವೈನಿಯ, ಅಂದರೆ ಅಣ್ಣನ ಹೆಂಡತಿಯ ಕೆಲಸ. ಇದೊಂದನ್ನು ಬಿಟ್ಟರೆ ಸಕಲವೂ ಆಟೋಮ್ಯಾಟಿಕ್.

ಗಚ್ಚಿಯ ಮೇಲೆ ಆ ತಂತಿ ಮೆಟ್ಟಿಲ ಬಾಗಿಲಿನಿಂದ ಟಾಕಿಯವರೆಗೆ ತಲೆಯ ಮೇಲೆ ಹಾದುಹೋಗಿತ್ತು. ಅದರಲ್ಲಿದ್ದ ಕರೆಂಟು ಇರುವೆಗೂ ಏನೂ ಮಾಡುವಷ್ಟಲ್ಲ. ಆದರೂ ಅಣ್ಣ ಕೆಂಪು ಬಣ್ಣದಲ್ಲಿ, ಕೆಳಗಿನ ಬಾಡಿಗೆಯವರಿಗಾಗಿ ಮರಾಠಿಯಲ್ಲೂ ನಮಗಾಗಿ ಕನ್ನಡದಲ್ಲೂ, ‘ಯಾರೂ ಮುಟ್ಟಬಾರದು’ ಎಂದು ಬರೆದು ಹಲಗೆ ತೂಗುಹಾಕಿದ್ದ. ಅದೇ ಉತ್ಸಾಹದಲ್ಲಿ ಡಬ್ಬಿಯ ಹಂಗಿಲ್ಲದೆ ಕೈಯಿಂದಲೇ ಮೋಟಾರು ಹಚ್ಚುವ ಹಳೆಯ ಸ್ವಿಚ್ಚನ್ನು ಕಿತ್ತೂ ಹಾಕಿದ್ದ.

ಒಂದು ವರ್ಷ ಡಬ್ಬಿ ನ್ಯಾಯವಾಗಿ ಆಳಿತು. ಆಮೇಲೆ ಒಂದು ಬೆಳಿಗ್ಗೆ ಮೋಟಾರು ಏಳಲಿಲ್ಲ. ಮರುದಿನವೂ ಏಳಲಿಲ್ಲ. ವೈನಿ ಕೆಳಗಿನ ತೊಟ್ಟಿಯಿಂದ ಹನ್ನೆರಡು ಬಕೆಟ್ ನೀರನ್ನು ಮೇಲಕ್ಕೆ ಹೊತ್ತು, ತಾವು ಮಕ್ಕಳಿಗೆ ಕಲಿಸುತ್ತಿದ್ದ ಸಾಲಿಗೆ ಹೋಗಲು ಓಡುವ ಬಸ್ಸು ಹಿಡಿದರು. ಸಂಜೆ ಅಣ್ಣ ಬಂದು ಪರೀಕ್ಷಿಸಿದರೆ ಡಬ್ಬಿ ಹೇಳಿದಂತೆ ಕೇಳುತ್ತಿತ್ತು. ಹತ್ತು ದಿನ ಇದೇ ಹಾಡು: ಬೆಳಿಗ್ಗೆ ಮೂಕ, ಸಂಜೆ ಸಜ್ಜನ. ಒಳಗೆ ಕರೆಂಟು ಕೂಡಿಸುವ ರಿಲೇಯನ್ನು ಅಣ್ಣ ಎರಡು ಸಲ ಬದಲಿಸಿದ. ಡಬ್ಬಿಯನ್ನು ಕಾರ್ಖಾನೆಗೆ ಒಯ್ದು ತಂದ. ಅಲ್ಲಿಯ ಹಿರಿಯ ಮಿಸ್ತ್ರಿಯೊಬ್ಬರು ಒಂದು ಸಂಜೆ ಮನೆಗೇ ಬಂದು, ಅವಲಕ್ಕಿ ತಿಂದು, ‘ಸಗಳಂ ಠೀಕ್ ಆಹೆ’, ಎಲ್ಲ ಸರಿಯಾಗಿದೆ, ಎಂದು ತೀರ್ಪು ಕೊಟ್ಟು ಹೋದರು.

ಶನಿವಾರ ವೈನಿ ಬಕೆಟ್ ಕೆಳಗಿಟ್ಟು, ದನಿ ಎತ್ತದೆ ಹೇಳಿದರು: “ನಾಳೆ ಆಯಿತವಾರ ಅದ, ಏನ್ ನೋಡ್ತೀರೋ ನೋಡ್ರಿ. ಸೋಮವಾರ ನಾ ಮತ್ತ ಬಕೆಟ್ ಎತ್ತಿದ್ನಂದ್ರ, ನಿಮ್ಮ ಡಬ್ಬಿ ಅಟ್ಟಾ ಏರ್ತದ.”

ಅಣ್ಣನ ಮುಖ ನೋಡಲಾಗಲಿಲ್ಲ. ಅಟ್ಟದಲ್ಲಿ ಅವನ ಹಿಂದಿನ ಮೂರು ಯಂತ್ರಗಳು ಆಗಲೇ ವಿಶ್ರಮಿಸುತ್ತಿದ್ದವು.

ಭಾನುವಾರ ಆರಕ್ಕೆ ಅವನು ಡಬ್ಬಿಯ ಮುಚ್ಚಳ ತೆಗೆದು ಎದುರಿಗೆ ಕುಳಿತ. ಟಾಕಿಯ ಚೆಂಡಿನ ಮೇಲೆ ಕಣ್ಣಿಡಲು ನನ್ನನ್ನು ಗಚ್ಚಿಗೆ ಕಳಿಸಿದ. ನಾನು ಬಾಗಿಲಿನಲ್ಲೇ ನಿಂತೆ. ಹಿಂದಿನ ತಿಂಗಳು ಧಾರವಾಡದಿಂದ ಬಂದಿದ್ದ ನಮ್ಮ ಅವ್ವ ಆ ಹೊತ್ತಿನಲ್ಲಿ ಸ್ನಾನ ಮುಗಿಸಿ ಮಡಿಯಲ್ಲಿ ಅಲ್ಲಿರುತ್ತಿದ್ದಳು. ಅವಳಿಗಾಗಲಿ, ಮರುದಿನದ ಪೂಜೆಗೆಂದು ಅವಳು ಒಣಹಾಕುವ ಸೀರೆಗಾಗಲಿ ಯಾರ ಮೈಯೂ ತಾಗುವಂತಿರಲಿಲ್ಲ. ಕೆಳಗಿನಿಂದ ಮೋಟಾರಿನ ಸದ್ದು ಬಂತು. ಅಣ್ಣ ಗೆದ್ದ ಎಂದುಕೊಂಡೆ. ಅಷ್ಟರಲ್ಲಿ ಅವ್ವ, ಆ ದಿನ ತುಸು ತಡವಾಗಿ, ಹಿಂಡಿದ ಒಂಬತ್ತು ಗಜದ ಸೀರೆಯನ್ನು ಕೋಲಿನಿಂದ ಎತ್ತಿ ತಂತಿಯ ಮೇಲೆ ಹಾಕಿದಳು. ತಂತಿ ಜೋತುಬಿತ್ತು. ಮೋಟಾರು ನಿಂತಿತು.

ಸೀರೆಯ ಭಾರಕ್ಕೆ ತಂತಿಯ ನಡುವಿನ, ದಿನದಿನಕ್ಕೆ ಸಡಿಲಾದ ಬೆಸುಗೆ ಕೂದಲೆಳೆಯಷ್ಟು ಬಿಡುತ್ತಿತ್ತು. ಒಣಗಿ ಹಗುರಾದರೆ ಮತ್ತೆ ಕೂಡುತ್ತಿತ್ತು. ಅಣ್ಣ ಇಡೀ ತಂತಿಯನ್ನು ಗೇಣುಗೇಣಾಗಿ ಪರೀಕ್ಷಿಸಿದ್ದ, ಸೀರೆಯ ಕೆಳಗಿನ ನಾಲ್ಕು ಮೊಳ ಬಿಟ್ಟು. ಮಡಿ ಸೀರೆ ಸರಿಸುವ ಯೋಚನೆ ಅವನಿಗೂ ಬಂದಿರಲಿಲ್ಲ, ನನಗೂ ಬರುತ್ತಿರಲಿಲ್ಲ.

ನನ್ನ ಕೂಗಿಗೆ ಅಣ್ಣ ಓಡಿ ಬಂದ. ಬಾಗಿಲಿನಲ್ಲೇ ನಿಂತು, ಹಲಗೆ ಓದಿಲ್ಲವೇ ಎಂದು ಕೇಳಿದ.

“ಓದೇ ಹಾಕೇನಲ್ಲೊ,” ಎಂದಳು ಅವ್ವ. “ಅರಿವಿ ಒಣಗಿಸೋ ಆ ಇನ್ನೊಂದು ಹಗ್ಗಕ್ಕ ಊರ ಮಂದಿಯೆಲ್ಲಾ ಕೈ ಹಚ್ತಾರ. ಯಾರೂ ಮುಟ್ಟದ್ದು ಈ ಮನ್ಯಾಗ ಇದೊಂದ ಅದ. ನಾನೂ ಮುಟ್ಟಿಲ್ಲ, ಕೋಲಿಲೆ ಹಾಕೇನಿ.”

ನಳ ನಿಲ್ಲಲು ಇನ್ನು ಮುಕ್ಕಾಲು ಗಂಟೆ. ಅಣ್ಣ ಕೆಳಗಿಳಿದು, ವೈನಿ ಹೊತ್ತು ತಂದಿದ್ದ ಬಕೆಟ್ಟಿನಲ್ಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ ಮಡಿಯಾಗಿ ಮೇಲೆ ಬಂದ. ಅವ್ವ ಸೀರೆಯನ್ನು ಕೋಲಿನ ಮೇಲೆ ಇಳಿಸಿಕೊಂಡು ಕೋಲನ್ನು ಅವನ ಕೈಗಿತ್ತು ಪೂಜೆಗೆ ಹೋದಳು. ಮೋಟಾರು ಮತ್ತೆ ಗುಂಯ್ ಎಂದಿತು. ಟಾಕಿ ತುಂಬುವವರೆಗೆ ಅರ್ಧ ಗಂಟೆ ಅಣ್ಣ ಸೀರೆಯ ಕೋಲು ಎತ್ತಿ ಹಿಡಿದು, ದಂಡಿನ ಮುಂದಿನ ಧ್ವಜದವನಂತೆ ನಿಂತಿದ್ದ. ಎದುರುಮನೆಯವರು ಚಹದ ಕಪ್ಪು ಹಿಡಿದು ಬಂದು, ಕೋಲಿಗೆ ಸೀರೆ ಕಟ್ಟಿ ಗುಡಿ ಏರಿಸಿದ್ದೀರಲ್ಲ, ಇವತ್ತು ಯುಗಾದಿ ಪಾಡ್ಯವೇ ಎಂದು ಮರಾಠಿಯಲ್ಲಿ ವಿಚಾರಿಸಿದರು.

ವೈನಿ ಬಾಗಿಲಿಗೆ ಬಂದು ಅವನನ್ನೂ ಕೋಲನ್ನೂ ನೋಡಿದರು.

“ಈಗ ಖರೇ ಆಟೋಮ್ಯಾಟಿಕ್ ಆತು ನೋಡ್ರಿ,” ಎಂದರು. ಆದರೆ ನಳ ತಿರುವಿ ನೀರು ಬರುತ್ತಿದೆಯೇ ಎಂದು ನೋಡಿಕೊಂಡೇ ಒಳಗೆ ಹೋದರು.

ಅದೇ ಮಧ್ಯಾಹ್ನ ಅಣ್ಣ ಬೆಸುಗೆ ಗಟ್ಟಿಮಾಡಿದ. ತಂತಿಯ ಪಕ್ಕಕ್ಕೆ ಇನ್ನೊಂದು ತಂತಿ ಬಿಗಿದು, ಅದಕ್ಕೂ ಅಂಥದೇ ಕೆಂಪು ಹಲಗೆ ತೂಗುಹಾಕಿದ. ಹಳೆಯ ಸ್ವಿಚ್ಚನ್ನು ಯಾರೂ ಹೇಳದೆಯೇ ಮತ್ತೆ ಕೂಡಿಸಿದ. ಡಬ್ಬಿ ಅಟ್ಟ ಏರಲಿಲ್ಲ. ಅವ್ವ ಹಲಗೆ ಓದಿ, ಸೀರೆಯನ್ನು ಹೊಸ ತಂತಿಗೆ ವರ್ಗಾಯಿಸಿದಳು. ಆ ತಂತಿಗೆ ಏನನ್ನೂ ಜೋಡಿಸಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಅವಳಿದ್ದಷ್ಟು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ.