ದಿನಕ್ಕೆ ಮೂರು ಸಲ ಮೂರ್ಛೆ ಹೋಗುವ ಸಿಸ್ಟರ್

ಬೆಳಗಿನ ಐದೂಕಾಲು. ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು ಹತ್ತಿ, ಹಿಂದೆ ಹಾಸಿಗೆ ಬಟ್ಟೆಗಳನ್ನು ಇಡುತ್ತಿದ್ದ ಕೋಣೆಯ ಮುಂದೆ ನಿಂತಿದ್ದೇನೆ. ಒಳಗೆ ಯಾರೋ ಮುದುಕ ರೇಗುತ್ತಿದ್ದಾನೆ. ಗೊಗ್ಗರು ದನಿ, ನಡುನಡುವೆ ಕೆಮ್ಮು. "ಏಯ್ ಕಂಡಕ್ಟರ್, ಬಾಗಿಲು ಹಾಕಮ್ಮ! ಗಾಡಿ ಬಿಡೋದು ಬೇಡ್ವಾ? ಎಷ್ಟೊತ್ತು ಕಾಯೋದು?" ರೋಗಿಯಿರುವ ಕೋಣೆಗೆ ಹೇಳದೆ ಕೇಳದೆ ನುಗ್ಗುವುದು ಹೇಗೆಂದು ಗೋಡೆಗೆ ಒರಗಿ ಕಾಯುತ್ತೇನೆ. ದನಿ ತೊದಲತೊಡಗುತ್ತದೆ, ಮಾತಿಗೆ ಮಾತು ಕೂಡುವುದಿಲ್ಲ. ಆಮೇಲೆ ಏನೋ ಧೊಪ್ಪೆಂದು ಬಿದ್ದ ಸದ್ದು. ಬಾಗಿಲು ತಳ್ಳುತ್ತೇನೆ.

ಒಳಗೆ ಮುದುಕನೂ ಇಲ್ಲ, ಮಂಚವೂ ಇಲ್ಲ. ನೀಲಿ ಸ್ವೆಟರ್ ತೊಟ್ಟ ಐವತ್ತಾರರ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕಿವಿಗೆ ಹೆಡ್‌ಫೋನು, ಮೂಗಿನ ತುದಿಗೆ ಜಾರಿದ ಕನ್ನಡಕ. ಕೈಯಲ್ಲಿ ಈಗಷ್ಟೇ ಮೇಜಿನ ಮೇಲೆ ಕುಕ್ಕಿದ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ. ನನ್ನತ್ತ ತಿರುಗಿ, ಸದ್ದು ಮಾಡಬೇಡಿ ಎಂದು ತುಟಿಗೆ ಬೆರಳಿಡುತ್ತಾರೆ. ಆಮೇಲೆ ಮೈಕಿನ ಹತ್ತಿರ ಬಾಗಿ, ತಮ್ಮದೇ ಮೆತ್ತನೆಯ ದನಿಯಲ್ಲಿ ಹೇಳುತ್ತಾರೆ: "ಅಳಬೇಡ ಮಗಳೇ. ತಾತ ಬಿದ್ದಿದ್ದು ಇಲ್ಲಿ, ಕಂಪ್ಯೂಟರಲ್ಲಿ. ನಿನ್ನ ವಾರ್ಡಲ್ಲಿ ಯಾರೂ ಬಿದ್ದಿಲ್ಲ. ಮುಖ ತೊಳ್ಕೊಂಡು ಬಾ, ಎಲ್ಲಿ ತಪ್ಪಿತು ಅಂತ ಒಟ್ಟಿಗೆ ನೋಡೋಣ."

ಕಾಗದದ ಮೇಲೆ ಇದರ ಹೆಸರು ನರ್ಸ್‌ಗಳಿಗಾಗಿ ಸಿಮ್ಯುಲೇಷನ್ ಆಧಾರಿತ ಆನ್‌ಲೈನ್ ಮಧುಮೇಹ ತರಬೇತಿ. ನರ್ಸ್‌ಗಳ ಬಾಯಲ್ಲಿ ಅದು 'ತಾತನ ಕ್ಲಾಸು'. ಕಲಿಯುವವರ ಮೊಬೈಲಿನಲ್ಲಿ ಒಂದು ವಾರ್ಡು ಮೂಡುತ್ತದೆ. ಮಂಚ, ಔಷಧದ ಟ್ರೇ, ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರ, ಮುಟ್ಟದೆ ಬಿಟ್ಟ ತಿಂಡಿಯ ತಟ್ಟೆ, ಓಡುವ ಗಡಿಯಾರ. ಮಂಚದ ಮೇಲೆ ಅರವತ್ತೆಂಟು ವರ್ಷದ ನಿವೃತ್ತ ಬಸ್ ಡ್ರೈವರ್. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಕೊಟ್ಟಾಗಿದೆ, ತಿಂಡಿ ತಿಂದಿಲ್ಲ. ನರ್ಸ್ ಏನು ಮಾಡುತ್ತಾರೋ ಅದಕ್ಕೆ ತಕ್ಕಂತೆ ಕಂಪ್ಯೂಟರ್ ಸಕ್ಕರೆಯ ಅಂಕಿ ಏರಿಸುತ್ತದೆ, ಇಳಿಸುತ್ತದೆ. ಮಾತು ಮಾತ್ರ ಈ ಸಿಸ್ಟರದು. ಅದು ಮೊದಲೇ ಮುದ್ರಿಸಿಟ್ಟ ದನಿಯಲ್ಲ. ಆ ಹೊತ್ತಿಗೆ, ಆ ನರ್ಸಿಗೆ, ಅಲ್ಲೇ ಹುಟ್ಟುವ ಮಾತು.

ಒಂದು ತಂಡಕ್ಕೆ ಆರು ಜನ, ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಏಳು ಗಂಟೆಯೊಳಗೆ ಮುಗಿಯಬೇಕು, ಏಕೆಂದರೆ ಎಲ್ಲರಿಗೂ ಅವರವರ ಆಸ್ಪತ್ರೆಯಲ್ಲಿ ಬೆಳಗಿನ ಡ್ಯೂಟಿ. ಅಡುಗೆಮನೆಯಲ್ಲಿ ನಿಂತು ಕಲಿಯುವವರಿದ್ದಾರೆ, ಬಸ್‌ಸ್ಟಾಪಿನಲ್ಲಿ ಕೂತು ಕಲಿಯುವವರಿದ್ದಾರೆ. ಒಬ್ಬರಂತೂ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಎರಡು ತಿಂಗಳು ಕಲಿತರಂತೆ. "ಆ ಮಗು ಈಗ ಕೆಮ್ಮಿದ್ರೆ ನನ್ನ ಹಾಗೇ ಕೆಮ್ಮುತ್ತೆ" ಎಂದು ಸಿಸ್ಟರ್ ನಗುತ್ತಾರೆ. ಎರಡು ವರ್ಷದಲ್ಲಿ ಏಳುನೂರ ಹದಿನೆಂಟು ನರ್ಸ್‌ಗಳು ಈ ಕೋಣೆಯ ದನಿ ಕೇಳಿ ಹೋಗಿದ್ದಾರೆ. ದಿನಕ್ಕೆ ಸರಾಸರಿ ಮೂರು ಮಂದಿಯ ಕೈಯಲ್ಲಿ ತಾತ ಮೂರ್ಛೆ ಹೋಗುತ್ತಾನೆ.

ಸಿಸ್ಟರ್ ನರ್ಸಿಂಗ್ ಕೆಲಸಕ್ಕೆ ಸೇರಿ ಮೂವತ್ತೆರಡು ವರ್ಷವಾಗಿದೆ. ಅದರಲ್ಲಿ ಇಪ್ಪತ್ತೇಳು ವರ್ಷ ನಿಂತದ್ದು ವಾರ್ಡಿನಲ್ಲೇ. ಈಗಲೂ ಕುರ್ಚಿ ಕಂಡರೆ ಮೊದಲು ಅನುಮಾನ, ಆಮೇಲೆ ಸಂತೋಷ. ನಾಟಕ ಆಡಿದವರಲ್ಲ. ಶಾಲೆಯಲ್ಲಿ ಒಮ್ಮೆ ಮರದ ಪಾತ್ರ ಸಿಕ್ಕಿತ್ತಂತೆ, ಅದರಲ್ಲೂ ಅಲ್ಲಾಡಿ ಬೈಸಿಕೊಂಡರಂತೆ. ಹಾಗಾದರೆ ಈ ಮುದುಕ ಎಲ್ಲಿಂದ ಬಂದ ಎಂದು ಕೇಳುತ್ತೇನೆ. ನಗು ನಿಲ್ಲುತ್ತದೆ. ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಹನ್ನೊಂದು ವರ್ಷದ ಹಿಂದಿನ ಮಾತು. ನಲವತ್ತು ಮಂಚದ ವಾರ್ಡು, ಇಬ್ಬರು ನರ್ಸ್‌ಗಳು. ಕಾಲಿನ ಗಾಯಕ್ಕೆಂದು ದಾಖಲಾದ ದರ್ಜಿಯೊಬ್ಬರಿಗೆ ಏಳೂವರೆಗೆ ಇನ್ಸುಲಿನ್ ಕೊಟ್ಟಿದ್ದಾರೆ. ಅವತ್ತು ಲಿಫ್ಟ್ ಕೆಟ್ಟು ತಿಂಡಿಯ ಗಾಡಿ ಕೆಳಗೇ ನಿಂತಿದೆ. ಒಂಬತ್ತರ ಹೊತ್ತಿಗೆ ದರ್ಜಿ ಗಲಾಟೆ ಶುರು ಮಾಡಿದ್ದಾರೆ. ನನ್ನ ಕತ್ತರಿ ಕದ್ದಿರಿ, ಅಳತೆಪಟ್ಟಿ ಎಲ್ಲಿ ಎಂದು ಬಾಯಿಗೆ ಬಂದಂತೆ ಬೈಗುಳ.

"ಆ ಮನುಷ್ಯ ಅಲ್ಲಿವರೆಗೂ ಜೋರಾಗಿ ಮಾತಾಡಿದವರಲ್ಲ. ನನಗೆ ಅಲ್ಲೇ ಹೊಳೀಬೇಕಿತ್ತು" ಎನ್ನುತ್ತಾರೆ ಸಿಸ್ಟರ್. "ನಾನೇನು ಮಾಡಿದೆ ಗೊತ್ತಾ? 'ಸ್ವಲ್ಪ ಸುಮ್ನಿರ್ತೀರಾ, ಬೇರೆಯವರೂ ಇದ್ದಾರೆ' ಅಂತ ಗದರಿಸಿ ಪರದೆ ಎಳೆದೆ. ಇಪ್ಪತ್ತು ನಿಮಿಷ ಆದಮೇಲೆ ಪರದೆ ಸರಿಸಿದ್ರೆ ಫಿಟ್ಸ್ ಬಂದಿದೆ. ಸಕ್ಕರೆ ಇಪ್ಪತ್ತಾರಕ್ಕೆ ಇಳಿದಿತ್ತು."

ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ದರ್ಜಿಯನ್ನು ಉಳಿಸಿಕೊಂಡರು. ಆದರೆ ಮಿದುಳು ಅಷ್ಟು ಹೊತ್ತು ಸಕ್ಕರೆಯಿಲ್ಲದೆ ಕಂಗೆಟ್ಟಿತ್ತು. ಕೈ ಸರಿಯಾಗಿಯೇ ಇತ್ತು, ಅಂಕಿ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ತೋಳಿನ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಮರೆತು ಹೋಗುತ್ತಿತ್ತು. ಆರು ತಿಂಗಳಲ್ಲಿ ಅಂಗಡಿ ಮುಚ್ಚಿದರು.

ಮನೆಗೆ ಕಳಿಸುವ ದಿನ ದರ್ಜಿಯ ಹೆಂಡತಿ ಸಿಸ್ಟರ್ ಕೈ ಹಿಡಿದು, ನೀವಿದ್ದದ್ದಕ್ಕೆ ಉಳಿದರು ಎಂದರಂತೆ. ಆ ಮಾತು ಇವರಿಗೆ ಅನ್ನ ಸೇರದಂತೆ ಮಾಡಿತು. ಒಂದು ತಿಂಗಳು ತಡೆದುಕೊಂಡು, ಕೊನೆಗೆ ಅವರ ಮನೆ ಹುಡುಕಿಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದರು.

"ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಒಂದೇ ಒಂದು ಕೇಳಿದ್ರು: 'ನಿಮಗೆ ಗೊತ್ತಿರಲಿಲ್ವಾ ಸಿಸ್ಟರ್?' ಗೊತ್ತಿತ್ತು ಅಂದೆ. ಗೊತ್ತಿತ್ತಲ್ಲ ನನಗೆ! ಬೆವರು, ನಡುಕ, ಗೊಂದಲ, ಸಿಟ್ಟು... ಪರೀಕ್ಷೆಲಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಪುಸ್ತಕದಲ್ಲಿ 'ಸಿಟ್ಟು' ಅಂತ ಎರಡಕ್ಷರ ಇರುತ್ತೆ. ಅದು ಎದುರಿಗೆ ನಿಂತು ನನ್ನನ್ನೇ ಕಳ್ಳಿ ಅಂದಾಗ, ಅದೇ ಇದು ಅಂತ ಗುರುತು ಸಿಗಲಿಲ್ಲ."

ದರ್ಜಿಯ ಹೆಂಡತಿ ಎದ್ದು ಒಳಗೆ ಹೋದರಂತೆ. ಸಿಸ್ಟರ್ ಹೊಸ್ತಿಲಿಂದಲೇ ವಾಪಸು ಬಂದರು.

ಅಲ್ಲಿಂದ ಮುಂದೆ ವಾರ್ಡಿಗೆ ಹೊಸಬರು ಬಂದಾಗಲೆಲ್ಲ, ಊಟದ ಬಿಡುವಿನಲ್ಲಿ ಖಾಲಿ ಮಂಚದ ಮೇಲೆ ತಾವೇ ಮಲಗಿ ರೋಗಿಯಂತೆ ರೇಗತೊಡಗಿದರು. ಹೊಸಬರು ಹೆದರಿದರು, ಹಳಬರು ಮೂಗು ಮುರಿದರು. 'ನಾಟಕದ ಸಿಸ್ಟರ್' ಎಂಬ ಅಡ್ಡಹೆಸರು ಬಿತ್ತು. ಹಿರಿಯರೊಬ್ಬರು, ಕೆಲಸ ಬಿಟ್ಟು ಇದೇನು ಹುಚ್ಚಾಟ ಎಂದು ಕಾರಿಡಾರಿನಲ್ಲಿ ಎಲ್ಲರೆದುರು ಗದರಿದ್ದೂ ಉಂಟು. ಅವತ್ತು ಔಷಧದ ಕೋಣೆಯಲ್ಲಿ ಕದ ಹಾಕಿಕೊಂಡು ಅತ್ತಿದ್ದಾರೆ. ಮರುದಿನ ಮತ್ತೆ ಮಂಚದ ಮೇಲೆ ಮಲಗಿದ್ದಾರೆ.

ಸಣ್ಣ ಆಸ್ಪತ್ರೆಗಳ ನರ್ಸ್‌ಗಳಿಗೆ ಆನ್‌ಲೈನ್ ತರಬೇತಿ ಆರಂಭವಾದಾಗ ಪಾಠ ಪರಿಶೀಲಿಸಲು ಇವರನ್ನು ಕರೆದರು. ಇದ್ದದ್ದು ಚಿತ್ರ, ಚಾರ್ಟು, ಕೊನೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಸಿಸ್ಟರ್ ಎದ್ದು ನಿಂತು ಕೇಳಿದರು: "ನನ್ನ ರೋಗಿ ನಾಲ್ಕು ಉತ್ತರ ಕೈಲಿಟ್ಕೊಂಡು ಬರ್ತಾನಾ?" ಕಂಪ್ಯೂಟರ್ ಕೆಲಸಕ್ಕೆ ಬಂದಿದ್ದ ಯುವತಿಯೊಬ್ಬಳು ಸಭೆ ಮುಗಿದ ಮೇಲೆ ಅವರ ಹಿಂದೆಯೇ ಓಡಿಬಂದು, "ಆಂಟಿ, ಆ ರೋಗಿ ಹೇಗೆ ಬರ್ತಾನೆ, ಸ್ವಲ್ಪ ಮಾಡಿ ತೋರಿಸಿ" ಎಂದಳು. ಇಬ್ಬರೂ ಸೇರಿ ಎಂಟು ತಿಂಗಳು ಕೂತರು. ಆ ಅಣಕು ವಾರ್ಡಿಗೆ ಮಾತು ಕೊಡಲು ಹೋದಾಗ, ಬಾಲ್ಯದಲ್ಲಿ ಬೀದಿಯ ಕೊನೆಯಲ್ಲಿದ್ದ ಬಸ್ ಡ್ರೈವರ್ ಒಬ್ಬರ ಕೆಮ್ಮು ತಾನಾಗಿಯೇ ಬಾಯಿಗೆ ಬಂತು. ತಾತ ಹುಟ್ಟಿದ್ದು ಹಾಗೆ.

ಈಗ ಒಟ್ಟು ಒಂಬತ್ತು ರೋಗಿಗಳಿದ್ದಾರೆ. ಸೂಜಿಗೆ ಹೆದರುವ ಶಾಲಾ ಮೇಷ್ಟ್ರು, ಕಾಲಿನ ಹುಣ್ಣು ಮುಚ್ಚಿಡುವ ಹೂವಿನ ವ್ಯಾಪಾರಿ, ಹೊಟ್ಟೆಯ ಒಂದೇ ಜಾಗಕ್ಕೆ ಚುಚ್ಚಿಕೊಂಡು ಗಂಟು ಮಾಡಿಕೊಂಡ ಗೃಹಿಣಿ, ಎಲ್ಲರೂ ಈ ಒಂದೇ ಗಂಟಲಲ್ಲಿ ವಾಸ. ವಾದ ಮಾಡುವ ಬಂಧುಗಳ ಪಾತ್ರ ಯಜಮಾನರಿಗೆ ಬಿಟ್ಟಿದ್ದಾರೆ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಮಹಾ ಮೌನಿ. ಭಾನುವಾರ ಮೈಕಿನ ಮುಂದೆ ಕೂರಿಸಿದರೆ ಮಾತ್ರ, "ಏನ್ರೀ ಸಿಸ್ಟರ್, ನಮ್ಮಪ್ಪನಿಗೆ ಒಂದು ಸ್ವೀಟ್ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಗೋಡೆ ನಡುಗುವಂತೆ ಕೂಗುತ್ತಾರೆ. "ಮೂವತ್ತು ವರ್ಷದ ಸಿಟ್ಟು ರೀ ಅದು, ಹೀಗೆ ತೀರಿಸ್ಕೊಳ್ತಾರೆ" ಎಂದು ಸಿಸ್ಟರ್ ಛೇಡಿಸಿದರೆ, ಅವರು ಪಕ್ಕದಲ್ಲಿ ಕೂತು ಚಹಾದ ಲೋಟದೊಳಗೆ ನಗುತ್ತಾರೆ. ಸಂಜೆ ಅವರು ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಸಲ ಬಿದ್ದೆ?"

ಮೂರ್ಛೆ ಹೋಗುವುದು ಸುಲಭವಲ್ಲ. ಎರಡು ವರ್ಷ ಗೊಗ್ಗರು ದನಿ ತೆಗೆದು ಗಂಟಲಲ್ಲಿ ಗಂಟಾಗಿದೆ. ಒಂದು ತಿಂಗಳು ಮಾತಾಡಬೇಡಿ ಎಂದು ವೈದ್ಯರು ಹೇಳಿದರು. ಸಿಸ್ಟರ್ ತಡೆದದ್ದು ಒಂಬತ್ತು ದಿನ. ಹಾಜರಿ ಪುಸ್ತಕದಲ್ಲಿ ಇಂದಿಗೂ ಅವರು ವಾರ್ಡ್ ನರ್ಸೇ. ಏಳು ಗಂಟೆಗೆ ಹೆಡ್‌ಫೋನ್ ತೆಗೆದಿಟ್ಟು, ಏಳೂವರೆಗೆ ಮಧುಮೇಹದ ಹೊರರೋಗಿ ವಿಭಾಗದಲ್ಲಿ ನಿಲ್ಲುತ್ತಾರೆ. ದಿನಕ್ಕೆ ಎಂಬತ್ತು ಜನರ ಪಾದ ನೋಡುತ್ತಾರೆ.

ಕಳೆದ ವರ್ಷ ಬಂದರಿನ ಹತ್ತಿರದ ಇಪ್ಪತ್ತು ಮಂಚದ ಆಸ್ಪತ್ರೆಯ ನರ್ಸೊಬ್ಬಳು ತರಬೇತಿಗೆ ಸೇರಿದಳು. ಮಾತಿಗೆ ಮೊದಲು ಕ್ಷಮೆ ಕೇಳುವ ಸ್ವಭಾವ. ತಾತ ರೇಗಿದ ಕೂಡಲೇ ಹೆದರಿ, ಸಾರಿ ತಾತ ಎಂದು ಹೊದಿಕೆ ಹೊದಿಸಿಬಿಡುತ್ತಿದ್ದಳು. ಮೂರು ಸಲವೂ ತಾತ ಬಿದ್ದ. ಇದು ನನ್ನ ಕೈಲಾಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದಳು.

"ಬಿಡು, ಆದರೆ ಒಂದು ಸಲ ನನ್ನ ಜೊತೆ ಜಗಳ ಆಡಿ ಬಿಡು ಅಂದೆ. ನಾನು ಎಷ್ಟು ಬೈದ್ರೂ ನೀನು ಹೆದರಬೇಡ, ಸಕ್ಕರೆ ನೋಡೋಕೆ ಮೊದಲು ನನ್ನ ಬೆರಳು ಹಿಡಿ. ಬೈಯೋ ಬಾಯಿ ನೋಡಬೇಡ, ಬೆವರೋ ಹಣೆ ನೋಡು ಅಂತ ಹೇಳ್ಕೊಟ್ಟೆ." ನಾಲ್ಕನೆಯ ಸಲ ಅವಳು ತೊದಲುತ್ತಲೇ, "ಬೈಯಿರಿ ತಾತ, ಬೆರಳು ಮಾತ್ರ ಕೊಡಿ" ಎಂದಳು. ತಾತ ಉಳಿದ.

ಐದು ವಾರದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿ ವಿಭಾಗದ ಗದ್ದಲದ ನಡುವೆ ಸಿಸ್ಟರ್ ಫೋನ್ ರಿಂಗಾಯಿತು. ಅದೇ ಹುಡುಗಿ, ಏದುಸಿರು. ಅವಳ ವಾರ್ಡಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ನೀರಿನ ಲೋಟ ಎತ್ತಿ ಎಸೆದಿದ್ದರು. ಆಕೆಯ ಸ್ವಂತ ಮಗಳು, ಅಮ್ಮನ ಬುದ್ಧಿ ಹೀಗೇ, ಹತ್ತಿರ ಹೋಗಬೇಡಿ ಎಂದಿದ್ದಳು. ಇವಳು ಹೋದಳು. ಹಣೆ ಮುಟ್ಟಿದಳು, ಒದ್ದೆ. ಬೆರಳು ಹಿಡಿದಳು. ಕೆನ್ನೆಗೊಂದು ಏಟು ಬಿತ್ತು, ಬೆರಳು ಬಿಡಲಿಲ್ಲ. ಸಕ್ಕರೆ ಮೂವತ್ತೆಂಟು. ನುಂಗುವ ಶಕ್ತಿ ಇನ್ನೂ ಇದೆ ಎಂದು ನೋಡಿಕೊಂಡು, ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ಡಾಕ್ಟರಿಗೆ ಹೇಳಿಕಳಿಸಿದಳು. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ: ಐವತ್ತೊಂಬತ್ತು. ಮತ್ತೆ ಸಕ್ಕರೆ ನೀರು, ಮತ್ತೆ ಪರೀಕ್ಷೆ: ತೊಂಬತ್ತು. ಮೀನು ಮಾರುವಾಕೆ ಕಣ್ಣರಳಿಸಿ, "ನಿನ್ನ ಕೆನ್ನೆ ಯಾಕಮ್ಮ ಕೆಂಪಗಿದೆ?" ಎಂದು ಕೇಳಿದರಂತೆ.

"ಫೋನಲ್ಲಿ ಇಷ್ಟೂ ಹೇಳಿ, 'ತಾತಾ, ಏಟು ತಿಂದೆ, ಬೆರಳು ಬಿಡಲಿಲ್ಲ' ಅಂದ್ಲು. ಎದುರಿಗೆ ಪಾದ ತೋರಿಸ್ತಾ ಕೂತಿದ್ದ ಅಜ್ಜಿ ಗಾಬರಿ ಬಿದ್ರು, ನನ್ನ ಕಾಲಿಗೆ ಅಷ್ಟು ಕೆಟ್ಟದ್ದೇನಾಗಿದೆ ಸಿಸ್ಟರ್, ಯಾಕೆ ಅಳ್ತಿದ್ದೀರಿ ಅಂತ!" ಹೇಳುತ್ತಲೇ ಸಿಸ್ಟರ್ ಹೊಟ್ಟೆ ಹಿಡಿದು ನಗುತ್ತಾರೆ. ಕಣ್ಣು ಮಾತ್ರ ನಗುವಿನ ಜೊತೆಗಿಲ್ಲ.

ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರ ಬರುತ್ತದೆ. ಅದರಲ್ಲಿ ಮೂವರ ಸಹಿ ಇದೆ, ಇವರದಿಲ್ಲ. ಬೇಸರವಿಲ್ಲವೇ ಎಂದರೆ, "ರೋಗಿ ಎಲ್ಲಾದ್ರೂ ಸಹಿ ಹಾಕ್ತಾನಾ?" ಎಂದು ಮರುಪ್ರಶ್ನೆ. ನಿವೃತ್ತಿಗೆ ಇನ್ನು ಎರಡು ವರ್ಷ. ಅಷ್ಟರೊಳಗೆ ಆಸೆಯೇನಾದರೂ ಇದೆಯೇ ಎಂದು ಕೇಳುತ್ತೇನೆ. ಪರದೆಯ ಮೇಲೆ ನಾಳಿನ ತಂಡದ ಪಟ್ಟಿ ತೆರೆದಿದೆ. ಅದನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಮಾಡಿಕೊಂಡು ಸಿಸ್ಟರ್ ಹೇಳುತ್ತಾರೆ:

"ಒಂದೇ ಒಂದು ಬೆಳಿಗ್ಗೆ, ಆರಕ್ಕೆ ಆರು ಜನಾನೂ ನನ್ನ ಉಳಿಸಿಬಿಡ್ಬೇಕು. ಅವತ್ತು ಸಂಜೆ ನಮ್ಮನೆಯವರು 'ಎಷ್ಟು ಸಲ ಬಿದ್ದೆ' ಅಂತ ಕೇಳಿದಾಗ, ಬಿಡಲೇ ಇಲ್ಲ ರೀ ಬೀಳೋಕೆ ಅಂತ ಹೇಳ್ಬೇಕು."